ಎರಡು ಕಡಲಿಗೆ ನೀರು ಕೊಡುವ ಬೆಟ್ಟ

ದಾವಣಗೆರೆಯ ಭತ್ತದ ಗದ್ದೆಗೆ ನಾಲೆಯಲ್ಲಿ ಹರಿದು ಬರುವ ಭದ್ರೆಯ ನೀರು, ಮಂಗಳೂರಿನ ನಲ್ಲಿಯಲ್ಲಿ ಬೀಳುವ ನೇತ್ರಾವತಿಯ ನೀರು, ಎರಡೂ ಹುಟ್ಟುವುದು ಒಂದೇ ಬೆಟ್ಟಸಾಲಿನಲ್ಲಿ. ಕುದುರೆಮುಖದ ಗಂಗಾಮೂಲ ಅದರ ಹೆಸರು. ತುಂಗೆಯೂ ಅಲ್ಲಿಯವಳೇ. ತುಂಗೆ, ಭದ್ರೆಯರು ಪೂರ್ವಕ್ಕೆ ಹರಿದು ಶಿವಮೊಗ್ಗದ ಹತ್ತಿರ ಕೂಡಲಿಯಲ್ಲಿ ಒಂದಾಗಿ, ತುಂಗಭದ್ರೆಯೆನಿಸಿ, ಕೃಷ್ಣೆಯನ್ನು ಸೇರಿ ಬಂಗಾಳಕೊಲ್ಲಿಯ ದಾರಿ ಹಿಡಿಯುತ್ತಾರೆ. ನೇತ್ರಾವತಿ ಘಟ್ಟ ಇಳಿದು ಅರಬ್ಬಿ ಸಮುದ್ರಕ್ಕೆ ಹೋಗುತ್ತಾಳೆ. ಪಕ್ಕಪಕ್ಕದಲ್ಲಿ ಬಿದ್ದ ಮಳೆಹನಿಗಳು ಬೇರೆ ಬೇರೆ ಕಡಲಿಗೆ ಹೋಗುವ ಬೆಟ್ಟ ಇದು. ಕುದುರೆಮುಖ ರಾಷ್ಟ್ರೀಯ ಉದ್ಯಾನಕ್ಕೆ ಚಾರಣ ಹೊರಡುವವರು ಮೊದಲು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕು ಎಂಬುದು ನನ್ನ ಆಸೆ. ಏಕೆಂದರೆ ಅಲ್ಲಿ ಏನನ್ನು ನೋಡಬೇಕು, ಎಲ್ಲಿ ಕಾಲಿಡಬೇಕು, ಎಲ್ಲಿ ಇಡಬಾರದು ಎಂಬುದೆಲ್ಲ ನೀರಿನ ಈ ಲೆಕ್ಕದಿಂದಲೇ ತಿಳಿಯುತ್ತದೆ.

ಉದ್ಯಾನದ ವಿಸ್ತಾರ ಸುಮಾರು 600 ಚದರ ಕಿಲೋಮೀಟರ್. ಚಿಕ್ಕಮಗಳೂರು, ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ ಹರಡಿಕೊಂಡಿದೆ. ರಾಷ್ಟ್ರೀಯ ಉದ್ಯಾನವೆಂದು ಘೋಷಣೆಯಾದದ್ದು 1987ರಲ್ಲಿ. 2012ರಲ್ಲಿ ಯುನೆಸ್ಕೋ ಪಶ್ಚಿಮ ಘಟ್ಟದ 39 ತಾಣಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಾಗ ಆಗುಂಬೆ, ಸೋಮೇಶ್ವರ, ಬಾಳೆಹಳ್ಳಿ ಕಾಡುಗಳ ಜೊತೆಗೆ ಕುದುರೆಮುಖವೂ ಅದರಲ್ಲಿ ಸೇರಿತು. ಶಿಖರದ ಎತ್ತರ 1,894 ಮೀಟರ್. ಚಾರಣದ ಮಾತು ಬಂದಾಗಲೆಲ್ಲ ಎಲ್ಲರ ಬಾಯಲ್ಲಿ ಬರುವುದು ಈ ಕೊನೆಯ ಅಂಕಿಯೇ. ಎಷ್ಟು ಎತ್ತರ, ಎಷ್ಟು ಗಂಟೆ, ಮೇಲೆ ಮಂಜು ಸಿಗುತ್ತದೆಯೇ? ನನ್ನ ಮಟ್ಟಿಗೆ ಹೇಳುವುದಾದರೆ, ಶಿಖರ ಆ ಬೆಟ್ಟದ ತೀರ ಸಣ್ಣ ಭಾಗ. ನೋಡಬೇಕಾದದ್ದೆಲ್ಲ ದಾರಿಯ ಎಡಬಲದಲ್ಲಿ, ಇಳಿಜಾರಿನಲ್ಲಿ, ಬೆಟ್ಟದ ಮಡಿಕೆಗಳಲ್ಲಿ ಇದೆ.

ಚಾರಣ ಶುರುವಾಗುವ ಮುಳ್ಳೋಡಿಯಿಂದ ಹೊರಟು ಸ್ವಲ್ಪ ಎತ್ತರಕ್ಕೆ ಬಂದ ಮೇಲೆ ಕಾಣುವ ನೋಟ ಹೊಸಬರಿಗೆ ಒಗಟಿನಂತಿರುತ್ತದೆ. ಇಡೀ ಬೆಟ್ಟದ ಮೈ ಹುಲ್ಲು. ಎರಡು ಗುಡ್ಡಗಳ ನಡುವಿನ ಸಂದಿನಲ್ಲಿ ಮಾತ್ರ ಕಡುಹಸಿರಿನ ಕಾಡು; ಶೋಲಾ ಎನ್ನುವುದು ಇದಕ್ಕೇ. ಆ ಕಾಡಿನ ಅಂಚು ಯಾರೋ ಗೆರೆ ಎಳೆದಷ್ಟು ಸ್ಪಷ್ಟ. ಈ ಹೆಜ್ಜೆ ಹುಲ್ಲಿನಲ್ಲಿ, ಮುಂದಿನ ಹೆಜ್ಜೆ ಮರದ ನೆರಳಿನಲ್ಲಿ. ‘ಇಷ್ಟು ಮಳೆ ಬೀಳುವ ಜಾಗದಲ್ಲಿ ಗುಡ್ಡ ಯಾಕೆ ಬೋಳಾಗಿದೆ? ಮರವನ್ನೆಲ್ಲ ಕಡಿದುಬಿಟ್ಟರೆ?’ ಎಂದು ಕೇಳುವವರು ಬಹಳ. ಕೇಳಬೇಕಾದ ಪ್ರಶ್ನೆಯೇ. ಕೆಲವೆಡೆ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್‌ನಷ್ಟು ಮಳೆ ಸುರಿಯುವ ನೆಲದಲ್ಲಿ ಮರವೇ ಗೆಲ್ಲಬೇಕಲ್ಲವೇ?

ಉತ್ತರ ಮಣ್ಣಿನಡಿಯಲ್ಲಿದೆ. ನೀಲಗಿರಿಯಲ್ಲೂ ಇಂಥದೇ ಹುಲ್ಲು, ಇಂಥದೇ ಶೋಲಾ. ಅಲ್ಲಿನ ಜೌಗು ನೆಲದಲ್ಲಿ ಸಾವಿರಾರು ವರ್ಷಗಳಿಂದ ಪದರಪದರವಾಗಿ ಕೂತ ಸಸ್ಯದ ಕಸವನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಅವರ ಜೊತೆಗಾರರು ಪರೀಕ್ಷಿಸಿ 1993ರಲ್ಲಿ ಪ್ರಕಟಿಸಿದರು. ಮರಗಳು ಮತ್ತು ಬಿಸಿಲನಾಡಿನ ಹುಲ್ಲುಗಳು ಗಾಳಿಯಿಂದ ಇಂಗಾಲವನ್ನು ಹೀರುವ ರೀತಿ ಬೇರೆ ಬೇರೆ. ಇಂಗಾಲದಲ್ಲೇ ತೂಕದ ಒಂದು ಬಗೆಯನ್ನು ಮರ ಹೆಚ್ಚಾಗಿ ಬಿಟ್ಟುಬಿಡುತ್ತದೆ, ಈ ಹುಲ್ಲು ಅಷ್ಟಾಗಿ ಬಿಡುವುದಿಲ್ಲ. ಗಿಡ ಕೊಳೆತು ಮಣ್ಣಾದರೂ ಆ ಗುರುತು ಉಳಿಯುತ್ತದೆ. ಹಾಗಾಗಿ ಯಾವ ಪದರದ ಕಾಲಕ್ಕೆ ಅಲ್ಲಿ ಹುಲ್ಲಿತ್ತು, ಯಾವ ಕಾಲಕ್ಕೆ ಮರ ಹೆಚ್ಚಿತ್ತು ಎಂದು ಓದಬಹುದು. ಮುಂಗಾರು ಸೊರಗಿದ ಕಾಲದಲ್ಲಿ ಹುಲ್ಲು ಹಬ್ಬಿದೆ, ಬಲವಾದ ಕಾಲದಲ್ಲಿ ಮರ ಹೆಚ್ಚಿದೆ. ಇದು ಇಪ್ಪತ್ತು ಸಾವಿರ ವರ್ಷಗಳಷ್ಟು ಹಿಂದಿನಿಂದ ನಡೆದು ಬಂದಿದೆ. ಮನುಷ್ಯ ಅಲ್ಲಿ ಕೊಡಲಿ ಹಿಡಿಯುವುದಕ್ಕೂ ಬಹಳ ಮೊದಲೇ ಹುಲ್ಲು ಅಲ್ಲಿತ್ತು. ಮರ ಸಂದಿನಲ್ಲೇ ಏಕೆ ನಿಲ್ಲುತ್ತದೆ ಎಂಬುದಕ್ಕೆ ಗಾಳಿಯ ಹೊಡೆತ, ಬಂಡೆಯ ಮೇಲಿನ ತೆಳು ಮಣ್ಣು, ಬೇಸಿಗೆಯ ಬೆಂಕಿ, ನೀಲಗಿರಿಯಂಥ ಕಡೆ ಚಳಿಗಾಲದ ಇಬ್ಬನಿಯ ಹೆಪ್ಪು ಎಂದು ಹಲವು ಕಾರಣಗಳನ್ನು ಸೇರಿಸಿ ಹೇಳುತ್ತಾರೆ. ಮಡಿಕೆಯಲ್ಲಿ ಮಣ್ಣು ಆಳವಾಗಿರುತ್ತದೆ, ತೇವ ನಿಲ್ಲುತ್ತದೆ, ಗಾಳಿಗೆ ಮರೆ ಇರುತ್ತದೆ. ಅಲ್ಲಿ ಸಸಿ ಬದುಕುತ್ತದೆ.

ಈ ತಿಳಿವಳಿಕೆ ಇಲ್ಲದೆ ಆದ ಅನ್ಯಾಯ ದೊಡ್ಡದು. ಹುಲ್ಲುಗಾವಲನ್ನು ‘ಪಾಳು ನೆಲ’ ಎಂದು ದಾಖಲೆಯಲ್ಲಿ ಬರೆದು ಘಟ್ಟದ ಉದ್ದಕ್ಕೂ ನೀಲಗಿರಿ ಮರ, ಅಕೇಶಿಯಾ, ಪೈನ್ ನೆಟ್ಟೆವು. ಹಸಿರು ಬೆಳೆಸಿದೆವು ಎಂದುಕೊಂಡೆವು. ಹುಲ್ಲಿನಲ್ಲಿ ಮೊಟ್ಟೆ ಇಡುವ ಹಕ್ಕಿಗೆ, ಹುಲ್ಲು ಮೇಯುವ ಕಾಟಿ ಕಡವೆಗಳಿಗೆ ಅದು ಮನೆ ಕೆಡವಿದ ಲೆಕ್ಕ. ಇವತ್ತಿಗೂ ‘ಗುಡ್ಡ ಖಾಲಿ ಇದೆ, ಗಿಡ ನೆಡೋಣ’ ಎಂದು ಒಳ್ಳೆಯ ಮನಸ್ಸಿನವರು ಬೀಜದುಂಡೆ ಹಿಡಿದು ಬರುತ್ತಾರೆ. ದಯವಿಟ್ಟು ಬೇಡ. ಆ ಗುಡ್ಡ ಖಾಲಿ ಇಲ್ಲ.

ಹುಲ್ಲಿನ ಒಂದು ಬುಡವನ್ನು ಬಗ್ಗಿ ನೋಡಿ. ಮೇಲಿಂದ ನಯವಾಗಿ ಕಾಣುವ ಗುಡ್ಡದಲ್ಲಿ ಹುಲ್ಲು ಮೆತ್ತೆ ಮೆತ್ತೆಯಾಗಿ, ಒತ್ತೊತ್ತಾಗಿ ಬೆಳೆದಿರುತ್ತದೆ. ಬುಡದ ಸುತ್ತ ಹಿಂದಿನ ವರ್ಷದ ಒಣ ದಂಟು, ಅದರಡಿ ಕಪ್ಪು ಮಣ್ಣು, ಮಣ್ಣಿನ ತುಂಬ ಕೂದಲಿನಷ್ಟು ತೆಳುವಾದ ಬೇರಿನ ಹೆಣಿಗೆ. ಜಡಿಮಳೆ ಸುರಿಯುವಾಗಲೂ ಅಲ್ಲಿ ನೀರು ಕೆಂಪಾಗಿ ಹರಿಯುವುದಿಲ್ಲ; ದಂಟಿನ ನಡುವೆ ನುಸುಳಿ, ಒಂದಷ್ಟು ಇಂಗಿ, ಮಿಕ್ಕದ್ದು ನಿಧಾನಕ್ಕೆ ಕೆಳಗಿನ ಶೋಲಾಕ್ಕೆ ಇಳಿಯುತ್ತದೆ. ಶೋಲಾದೊಳಗೆ ಕಾಲಿಟ್ಟರೆ ಬೆವರು ತಟ್ಟನೆ ತಣ್ಣಗಾಗುತ್ತದೆ. ಮರಗಳು ಗಿಡ್ಡ, ಕೊಂಬೆಗಳು ಅಂಕುಡೊಂಕು, ತೊಗಟೆ ಕಾಣದಷ್ಟು ಪಾಚಿ, ಪಾಚಿಯ ಮೇಲೆ ಸೀತಾಳೆ, ಜರಿಗಿಡ. ನೆಲದ ಮೇಲಿನ ತರಗೆಲೆಯನ್ನು ಕೋಲಿನಿಂದ ಸರಿಸಿದರೆ ಕೆಳಗೆ ಅರ್ಧ ಕೊಳೆತ ಎಲೆ, ಅದರಡಿ ನಾರುನಾರಾದ ಎಲೆ, ಅದರಡಿ ಎಲೆಯೆಂದು ಗುರುತು ಸಿಗದ ಕಪ್ಪು ಪುಡಿ. ಹಿಂಡಿದರೆ ನೀರು ತೊಟ್ಟಿಕ್ಕುತ್ತದೆ. ಹೀಗೆ ಒದ್ದೆಯಾದ ಮಣ್ಣಿನ ತಳದಲ್ಲಿ, ಯಾವುದೋ ಬೇರಿನ ಬಳಿ, ಹಳ್ಳವೊಂದು ಶುರುವಾಗಿರುತ್ತದೆ. ಮಳೆ ನಿಂತು ತಿಂಗಳುಗಳಾದ ಮೇಲೂ ಅದು ಹರಿಯುತ್ತದೆ. ಭದ್ರೆ ಎಂದರೆ ಇಂಥ ನೂರಾರು ಹಳ್ಳಗಳು ಕೂಡಿದ್ದು.

ಇನ್ನೂ ಕೆಳಗೆ, ಪಡುವಣದ ಇಳಿಜಾರಿನಲ್ಲಿ, ಮರಗಳು ಮುಗಿಲೆತ್ತರಕ್ಕೆ ಬೆಳೆದ ನಿತ್ಯಹರಿದ್ವರ್ಣದ ಕಾಡಿದೆ. ಧೂಪ, ಬಲಗಿ, ಸುರಹೊನ್ನೆ, ರಾಮಪತ್ರೆ, ಉಪ್ಪಾಗೆ. ಅಲ್ಲಿನ ಒಡೆಯ ಸಿಂಗಳೀಕ. ಕಪ್ಪು ಮೈ, ಮುಖದ ಸುತ್ತ ಬೂದು ಕೇಸರ, ಬಾಲದ ತುದಿಯಲ್ಲಿ ಕುಚ್ಚು. ಜಗತ್ತಿನಲ್ಲಿ ಪಶ್ಚಿಮ ಘಟ್ಟದ ಕರ್ನಾಟಕ, ಕೇರಳ, ತಮಿಳುನಾಡಿನ ಭಾಗದಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. ನಮ್ಮ ಊರಿನ ಮಂಗನ ಹಾಗೆ ರಸ್ತೆಗಿಳಿದು ಕೈಚಾಚುವ ಪ್ರಾಣಿ ಅದಲ್ಲ. ಬದುಕಿನ ಬಹುಪಾಲು ಮರದ ತಲೆಯ ಮೇಲೆಯೇ. ಒಂದು ಕೊಂಬೆ ಇನ್ನೊಂದಕ್ಕೆ ತಾಗಿಕೊಂಡಿದ್ದರೆ ಮಾತ್ರ ಅದಕ್ಕೆ ದಾರಿ, ಹಣ್ಣಿನಿಂದ ಹಣ್ಣಿಗೆ ಓಡಾಟ. ನಡುವೆ ಅಗಲ ರಸ್ತೆ ಬಂದರೆ ಅದರ ಊರು ಎರಡಾಗುತ್ತದೆ. ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು 1983–84ರಲ್ಲಿ ಇಲ್ಲಿನ ಸಿಂಗಳೀಕಗಳ ಸಮೀಕ್ಷೆ ಮಾಡಿ, ಇದನ್ನು ಸಂರಕ್ಷಿತ ಪ್ರದೇಶ ಮಾಡಬೇಕೆಂದು ಹೇಳಿದ್ದರ ಫಲವಾಗಿಯೇ ರಾಷ್ಟ್ರೀಯ ಉದ್ಯಾನ ರೂಪುಗೊಂಡಿತು. ಒಂದು ಕೋತಿಯ ನೆಪದಲ್ಲಿ ಮೂರು ನದಿಗಳ ತವರು ಉಳಿಯಿತು ಎನ್ನಬಹುದು.

ಉಳಿಯಿತು ಎಂದೆ, ಆದರೆ ಪೂರ್ತಿಯಾಗಿ ಅಲ್ಲ. ಈ ಬೆಟ್ಟದ ಹೊಟ್ಟೆಯಲ್ಲಿ ಮ್ಯಾಗ್ನಟೈಟ್ ಅದಿರಿದೆ. 1976ರಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಶುರುವಾಯಿತು. ಇರಾನ್‌ಗೆ ಅದಿರು ಕಳಿಸುವ ಒಪ್ಪಂದದ ಬಲದ ಮೇಲೆ ಕಟ್ಟಿದ ಯೋಜನೆ. 1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾಗಿ ಆ ಲೆಕ್ಕಾಚಾರ ತಲೆಕೆಳಗಾದರೂ ಗಣಿ ನಿಲ್ಲಲಿಲ್ಲ. ಗುಡ್ಡ ಅಗೆದು, ಅದಿರನ್ನು ಪುಡಿ ಮಾಡಿ, ನೀರಿನಲ್ಲಿ ಕಲಸಿ, 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಮಂಗಳೂರಿನ ಬಂದರಿಗೆ ಹರಿಸುತ್ತಿದ್ದರು. ಅದಿರು ತೆಗೆದ ಮೇಲೆ ಉಳಿದ ಕೆಸರನ್ನು ತಡೆಯಲು ಲಕ್ಯಾ ಹೊಳೆಗೆ ಸುಮಾರು ನೂರು ಮೀಟರ್ ಎತ್ತರದ ಕಟ್ಟೆ ಕಟ್ಟಿದರು. ಆ ಕೆಸರು ಇವತ್ತಿಗೂ ಅಲ್ಲೇ ಇದೆ.

ಗಣಿಯ ಗುತ್ತಿಗೆ 1999ಕ್ಕೆ ಮುಗಿಯಿತು. ಅದನ್ನು ಮುಂದುವರಿಸುವ ಮಾತು ಬಂದಾಗ ರಾಜ್ಯದಲ್ಲಿ ದೊಡ್ಡ ಹೋರಾಟವೇ ನಡೆಯಿತು. ನಾಗರಹೊಳೆಯ ಅರಣ್ಯಾಧಿಕಾರಿಯಾಗಿ ಹೆಸರಾಗಿದ್ದ ಕೆ.ಎಂ. ಚಿಣ್ಣಪ್ಪನವರು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. 2002ರ ಅಕ್ಟೋಬರ್ 30ರಂದು ತೀರ್ಪು ಬಂತು; 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಆ ಹೊತ್ತಿನ ಚರ್ಚೆಯಲ್ಲಿ ನನಗೆ ಬಹಳ ಮುಖ್ಯವಾಗಿ ಕಂಡದ್ದು ಹೂಳಿನ ವಿಷಯ. ಜಗದೀಶ ಕೃಷ್ಣಸ್ವಾಮಿ ಮತ್ತಿತರ ವಿಜ್ಞಾನಿಗಳು ಭದ್ರೆಯ ನೀರಿನಲ್ಲಿ ತೇಲಿ ಬರುವ ಮಣ್ಣನ್ನು ಅಳೆದು ನೋಡಿದರು. ಜಲಾನಯನದಲ್ಲಿ ಗಣಿಯ ಪಾಲು ಚಿಕ್ಕದು. ಅಲ್ಲಿಂದ ನದಿಗೆ ಬರುವ ಹೂಳು ಮಾತ್ರ ಅದರ ಗಾತ್ರಕ್ಕೆ ಹೋಲಿಸಿದರೆ ವಿಪರೀತ ಹೆಚ್ಚು. ಇಂಥ ಮಳೆಗೆ ಒಂದು ತುಂಡು ಬೆತ್ತಲೆ ಮಣ್ಣು ಸಿಕ್ಕರೂ ಸಾಕು, ಅದು ಹೊಳೆಗೆ ಇಳಿಯುತ್ತದೆ. ಹುಲ್ಲಿನ ಹೊದಿಕೆ ಹರಿದರೆ ಬೆಟ್ಟ ನೀರನ್ನು ಹಿಡಿದಿಡಲಾರದು, ಮಣ್ಣನ್ನೂ ಹಿಡಿದಿಡಲಾರದು.

ಚಾರಣಕ್ಕೂ ಇದಕ್ಕೂ ಏನು ಸಂಬಂಧ ಎನ್ನುವಿರಾದರೆ, ಮಳೆಗಾಲ ಮುಗಿದ ಮೇಲೆ ಕಾಲುದಾರಿಯನ್ನು ಗಮನಿಸಿ. ಸಾವಿರಾರು ಬೂಟುಗಳು ತುಳಿದ ಜಾಗದಲ್ಲಿ ಹುಲ್ಲಿನ ಬುಡ ಸತ್ತು ಮಣ್ಣು ಮೇಲೆದ್ದಿರುತ್ತದೆ. ಮುಂದಿನ ಮಳೆಗೆ ದಾರಿಯೇ ಕಾಲುವೆ. ನೀರು ಅದನ್ನು ಮೊಣಕಾಲಿನಷ್ಟು ಆಳಕ್ಕೆ ಕೊರೆಯುತ್ತದೆ. ಜಾರುತ್ತದೆ ಎಂದು ಜನ ಪಕ್ಕದ ಹುಲ್ಲಿನ ಮೇಲೆ ನಡೆಯುತ್ತಾರೆ. ವರ್ಷ ಕಳೆಯುವಷ್ಟರಲ್ಲಿ ಅಲ್ಲೊಂದು ಹೊಸ ಕಾಲುವೆ. ತಿರುವಿನಲ್ಲಿ ಸುತ್ತಿ ಬರಲು ಬೇಸರವಾಗಿ ನೇರ ಇಳಿಯುವವರ ‘ಶಾರ್ಟ್‌ಕಟ್’ ಇನ್ನೂ ಕೆಟ್ಟದ್ದು, ಇಳಿಜಾರಿಗೆ ನೇರವಾಗಿ ಬಿದ್ದ ಗೀರಿನಲ್ಲಿ ನೀರಿನ ಓಟಕ್ಕೆ ತಡೆಯೇ ಇರುವುದಿಲ್ಲ. ಪ್ಲಾಸ್ಟಿಕ್ಕಿನ ಬಗ್ಗೆ ಎಲ್ಲರೂ ಹೇಳುತ್ತಾರೆ, ಹೇಳಲೇಬೇಕು. ಹೆಜ್ಜೆಯ ಬಗ್ಗೆ ಹೇಳುವವರು ಕಡಿಮೆ. ದಾರಿ ಕೆಸರಾಗಿದ್ದರೂ ದಾರಿಯಲ್ಲೇ ನಡೆಯಿರಿ, ಬೂಟು ತೊಳೆದರೆ ಹೋಗುತ್ತದೆ.

ಇದೇ ಕಾರಣಕ್ಕೆ ಜನರ ಸಂಖ್ಯೆಗೆ ಮಿತಿ ಹಾಕಿದ್ದನ್ನು ನಾನು ಮನಸಾರೆ ಒಪ್ಪುತ್ತೇನೆ. 2024ರ ಜನವರಿ ಕೊನೆಯ ರಜೆಯಲ್ಲಿ ಕುಮಾರಪರ್ವತದ ದಾರಿಯಲ್ಲಿ ಜಾತ್ರೆಯಂತೆ ಜನ ಸೇರಿದ ಚಿತ್ರಗಳನ್ನು ನಾಡೆಲ್ಲ ನೋಡಿತು. ಆಮೇಲೆ ಸರ್ಕಾರ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನು ತಡೆಹಿಡಿದು, ಒಂದು ದಾರಿಗೆ ದಿನಕ್ಕೆ 300 ಜನರ ಮಿತಿ ತಂದಿತು. ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ತಾಣದಲ್ಲಿ ಮೊದಲೇ ಹೆಸರು ನೋಂದಾಯಿಸಬೇಕು, ಗುರುತಿನ ಚೀಟಿ ಜೊತೆಗಿರಬೇಕು. ಸಂಸೆಯ ಕಡೆಯಿಂದ ಮುಳ್ಳೋಡಿಗೆ ಹೋಗುವ ದಾರಿ ಜೀಪಿಗೆ ಮಾತ್ರ ಒಗ್ಗುವಂಥದ್ದು. ಅಲ್ಲಿಂದ ಶಿಖರಕ್ಕೆ ಹೋಗಿ ಬರಲು ಇಪ್ಪತ್ತು ಕಿಲೋಮೀಟರಿನಷ್ಟು ನಡಿಗೆ, ಅಂದರೆ ಪೂರ್ತಿ ಒಂದು ದಿನ. ಬೆಳಿಗ್ಗೆ ಬೇಗ ಹೊರಡಬೇಕು. ಮೇಲೆ ಟೆಂಟ್ ಹಾಕಿ ಉಳಿಯುವಂತಿಲ್ಲ.

ದಾರಿ ತೋರುವವರು ಬಹುತೇಕ ಆ ಊರಿನವರೇ. ಅವರ ಮಾತಿಗೆ ಕಿವಿಗೊಡಿ. ಯಾವ ಹಳ್ಳ ಮಧ್ಯಾಹ್ನದ ಮಳೆಗೆ ಏರುತ್ತದೆ, ಕಾಟಿ ಎಲ್ಲಿ ಮೇಯುತ್ತದೆ, ಮೋಡ ಯಾವ ಕಡೆಯಿಂದ ಕವಿದರೆ ಹಿಂತಿರುಗಬೇಕು ಎಂಬುದು ಮೊಬೈಲಿನ ನಕ್ಷೆಯಲ್ಲಿ ಇರುವುದಿಲ್ಲ. ಮಲೆಕುಡಿಯರೂ ಬೇರೆ ಕೃಷಿಕ ಕುಟುಂಬಗಳೂ ಉದ್ಯಾನ ಆಗುವುದಕ್ಕೆ ಮೊದಲಿನಿಂದ ಈ ಕಾಡಿನಲ್ಲಿ ಇದ್ದವರು. ಉದ್ಯಾನದ ಗೆರೆ ಎಳೆದ ಮೇಲೆ ಅವರ ರಸ್ತೆ, ಕರೆಂಟು, ಸೇತುವೆ, ಜಮೀನಿನ ಹಕ್ಕು ಎಲ್ಲವೂ ಕಡತದಲ್ಲಿ ಸಿಕ್ಕಿಕೊಂಡವು. ಪರಿಹಾರ ಪಡೆದು ಹೊರಗೆ ಹೋದವರಿದ್ದಾರೆ, ಹೋಗಲಾರೆವು ಎಂದು ಉಳಿದವರಿದ್ದಾರೆ. ನಮ್ಮ ಒಂದು ದಿನದ ನಡಿಗೆಗೆ ಅನುಮತಿ ಸುಲಭವಾಗಿ ಸಿಗುವಾಗ, ಅಲ್ಲೇ ಬಾಳುವವರ ಅರ್ಜಿ ವರ್ಷಗಟ್ಟಲೆ ಕಾಯುವುದು ನನಗೆ ಸರಿ ಕಾಣುವುದಿಲ್ಲ. ಅವರ ಮನೆಯಲ್ಲಿ ಉಂಡು, ಅವರಿಗೆ ಕೂಲಿ ಕೊಟ್ಟು ನಡೆಯುವುದು ನಮ್ಮಿಂದ ಆಗುವ ಕನಿಷ್ಠ ಕೆಲಸ.

ಯಾವಾಗ ಹೋಗಬೇಕು? ಪುನರ್ವಸು, ಪುಷ್ಯ ಮಳೆಯ ಹೊತ್ತಿನಲ್ಲಿ ಬೆಟ್ಟ ತನ್ನ ಕೆಲಸದಲ್ಲಿರುತ್ತದೆ. ಗಾಳಿಗೆ ಕೊಡೆ ನಿಲ್ಲುವುದಿಲ್ಲ, ಹತ್ತು ಮಾರು ಆಚೆ ಏನೂ ಕಾಣುವುದಿಲ್ಲ, ಹಳ್ಳ ದಾಟುವುದು ಅಪಾಯ. ನಾನಾದರೆ ಸೆಪ್ಟೆಂಬರ್ ಕೊನೆಯಿಂದ ಡಿಸೆಂಬರ್‌ವರೆಗಿನ ದಿನಗಳನ್ನು ಆರಿಸುತ್ತೇನೆ. ಹುಲ್ಲು ಇನ್ನೂ ಹಸಿರು, ಹಳ್ಳದಲ್ಲಿ ತುಂಬು ನೀರು, ಆಕಾಶ ತಿಳಿ. ಫೆಬ್ರವರಿ ಕಳೆದ ಮೇಲೆ ಹುಲ್ಲು ಒಣಗಿ ಬೆಂಕಿಯ ಭಯ. ಆಗ ದಾರಿ ಮುಚ್ಚುವುದೂ ಉಂಟು. ಮುಚ್ಚಿದ್ದರೆ ಬೇರೆ ದಾರಿ ಹುಡುಕಬೇಡಿ.

ಉಂಬಳದ ಬಗ್ಗೆ ಪೇಟೆಯವರಿಗೆ ಇರುವ ಭಯ ಅದರ ಯೋಗ್ಯತೆಗೆ ಮೀರಿದ್ದು. ಅದು ಕಚ್ಚಿದ್ದು ಗೊತ್ತಾಗುವುದೇ ಇಲ್ಲ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ದ್ರವವನ್ನು ಸೇರಿಸುವುದರಿಂದ ಬಿದ್ದುಹೋದ ಮೇಲೂ ಸ್ವಲ್ಪ ಹೊತ್ತು ರಕ್ತ ಜಿನುಗುತ್ತದೆ, ಅಷ್ಟೇ. ಎಳೆದು ಕೀಳದೆ ಉಗುರಿನಿಂದ ಬಾಯಿಯ ಬದಿಯನ್ನು ಮೆಲ್ಲಗೆ ಜಾರಿಸಿ ಬಿಡಿಸಿ, ಸೋಪು ಹಚ್ಚಿ ತೊಳೆಯಿರಿ. ಒತ್ತಾಗಿ ನೇಯ್ದ ಉದ್ದ ಕಾಲುಚೀಲದೊಳಗೆ ಪ್ಯಾಂಟನ್ನು ಸೇರಿಸಿಕೊಂಡರೆ ಅರ್ಧ ಕಾಟ ತಪ್ಪುತ್ತದೆ. ಊರವರು ಸುಣ್ಣ, ಹೊಗೆಸೊಪ್ಪಿನ ನೀರು ಸವರಿಕೊಳ್ಳುತ್ತಾರೆ.

ಹೆದರಬೇಕಾದದ್ದು ಉಣುಗಿಗೆ. ಮಂಗನ ಕಾಯಿಲೆ ಹರಡುವುದು ಅದರ ಕಡಿತದಿಂದ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ಜ್ವರ ಈಗ ಚಿಕ್ಕಮಗಳೂರು ಜಿಲ್ಲೆಯ ಮಲೆನಾಡಿನಲ್ಲೂ ಕಾಣಿಸಿಕೊಳ್ಳುತ್ತಿದೆ. ಡಿಸೆಂಬರ್‌ನಿಂದ ಮೇವರೆಗೆ ಎಳೆಯ ಉಣುಗುಗಳು ತರಗೆಲೆಯಲ್ಲಿ ತುಂಬಿರುತ್ತವೆ. ಕಣ್ಣಿಗೆ ಎಳ್ಳಿಗಿಂತ ಚಿಕ್ಕದಾಗಿ ಕಾಣುತ್ತವೆ. ಆಗ ಹೋಗುವವರು ತರಗೆಲೆಯ ಮೇಲೆ ಕೂರಬಾರದು, ಮಲಗಬಾರದು. ಆರೋಗ್ಯ ಇಲಾಖೆಯವರು ಕೊಡುವ ಡೆಪಾ ತೈಲವನ್ನು ಕೈಕಾಲಿಗೆ ಹಚ್ಚಿಕೊಳ್ಳಬೇಕು. ವಾಪಸ್ ಬಂದ ಕೂಡಲೇ ಬಿಸಿನೀರಿನ ಸ್ನಾನ, ಬಟ್ಟೆಗೆ ಸೋಪಿನ ಬಿಸಿನೀರು. ಎಲ್ಲಾದರೂ ಮಂಗ ಸತ್ತು ಬಿದ್ದಿದ್ದರೆ ಹತ್ತಿರ ಹೋಗದೆ ಅರಣ್ಯ ಸಿಬ್ಬಂದಿಗೆ ತಿಳಿಸಿ. ಊರಿಗೆ ಮರಳಿದ ಒಂದೆರಡು ವಾರದೊಳಗೆ ಜೋರು ಜ್ವರ, ಮೈಕೈ ನೋವು ಬಂದರೆ ವೈದ್ಯರಿಗೆ ‘ಮಲೆನಾಡಿನ ಕಾಡಿಗೆ ಹೋಗಿದ್ದೆ’ ಎಂದು ಮರೆಯದೆ ಹೇಳಿ. ಬೆಂಗಳೂರಿನ ವೈದ್ಯರಿಗೆ ಅದು ತಾನಾಗಿ ಹೊಳೆಯದಿರಬಹುದು.

ಬುಕಿಂಗ್ ಸಿಗಲಿಲ್ಲ ಎಂದು ಬೇಸರಪಡಬೇಕಿಲ್ಲ. ಮಕ್ಕಳಿದ್ದರೆ, ಮಂಡಿನೋವಿನ ಹಿರಿಯರಿದ್ದರೆ ಇಪ್ಪತ್ತು ಕಿಲೋಮೀಟರ್ ಬೇಕೂ ಇಲ್ಲ. ಕುರಿಂಜಾಲು, ಗಂಗಡಿಕಲ್ಲು ಶಿಖರಗಳ ದಾರಿ ಇದಕ್ಕಿಂತ ಚಿಕ್ಕದು, ಹುಲ್ಲು ಮತ್ತು ಶೋಲಾ ಅಲ್ಲೂ ಅಷ್ಟೇ ಚೆನ್ನಾಗಿ ಕಾಣುತ್ತವೆ. ಅವಕ್ಕೂ ಅನುಮತಿ ಬೇಕು. ಅದೂ ಆಗದಿದ್ದರೆ ಕಾರ್ಕಳದಿಂದ ಕಳಸಕ್ಕೆ ಹೋಗುವ ಘಟ್ಟದ ರಸ್ತೆ ಉದ್ಯಾನದ ನಡುವೆಯೇ ಹಾದು ಹೋಗುತ್ತದೆ. ಹನುಮನಗುಂಡಿ ಅಬ್ಬಿಗೆ ಮೆಟ್ಟಿಲುಗಳಿವೆ. ಭದ್ರೆಯ ದಂಡೆಯ ಭಗವತಿ ಪ್ರಕೃತಿ ಶಿಬಿರದಲ್ಲಿ ಮೊದಲೇ ಕಾದಿರಿಸಿ ರಾತ್ರಿ ತಂಗಬಹುದು. ಚೆಕ್‌ಪೋಸ್ಟಿನಲ್ಲಿ ಒಳಹೊಕ್ಕ ಹೊತ್ತು ಬರೆದ ಚೀಟಿ ಕೊಡುತ್ತಾರೆ, ಹೊರಗೆ ಹೋಗುವಾಗ ಅದನ್ನು ನೋಡುತ್ತಾರೆ. ಆ ಚೀಟಿ ಕೈಯಲ್ಲಿದ್ದಾಗ ಸಿಕ್ಕಸಿಕ್ಕಲ್ಲಿ ಕಾರು ನಿಲ್ಲಿಸಿ ಬುತ್ತಿ ಬಿಚ್ಚುವಂತಿಲ್ಲ, ಮಂಗಗಳಿಗೆ ಬಿಸ್ಕೆಟ್ ಎಸೆಯುವಂತಿಲ್ಲ. ರಸ್ತೆಗಿಳಿದು ಬೇಡಲು ಕಲಿತ ಕೋತಿ ವಾಹನಕ್ಕೆ ಸಿಕ್ಕಿ ಸಾಯುತ್ತದೆ. ಗಾಜು ಇಳಿಸಿ, ಹಾಡು ನಿಲ್ಲಿಸಿ, ನಿಧಾನಕ್ಕೆ ಓಡಿಸಿ. ರಸ್ತೆಯ ಮೇಲೆ ಎರಡು ಬದಿಯ ಕೊಂಬೆಗಳು ಕೂಡಿಕೊಂಡ ಜಾಗ ಬಂದಾಗ ಮೇಲೆ ನೋಡಿ, ಸಿಂಗಳೀಕ ದಾಟುವುದು ಅಂಥಲ್ಲೇ.